ತಳದಿಂದ ಕಂಡ ಸಂತೆ

ಚಿತ್ತಾಪುರದ ಸಂತೆ ನನಗೆ ಮೊದಲು ಕಂಡದ್ದು ಕೆಳಗಿನಿಂದ.
ತಕ್ಕಡಿ ತಟ್ಟೆಗಳ ತಳ, ಎತ್ತಿನ ಹೊಟ್ಟೆ,
ಸೀರೆಯಂಚಿಗೆ ಮೆತ್ತಿದ ಎರೆಮಣ್ಣು,
ಮೊಳೆ ಹೊಡೆದ ಟೈರಿನ ಚಪ್ಪಲಿ.
ಅಪ್ಪನ ಮೇಜಿನಡಿ ನನ್ನ ಜಾಗ:
ಒಂದು ಶಹಾಬಾದಿ ಫರ್ಸಿಯ ತುಂಡು,
ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನಕ್ಕೆ ಹಂಚು.

ದೇವೀಂದ್ರಪ್ಪ ಪಾಂಚಾಳ ಎಂದರೆ ಯಾರಿಗೂ ತಿಳಿಯದು.
ತಕ್ಕಡಿ ದೇವಪ್ಪ ಅಂದರೆ
ಸ್ಟೇಷನ್ನಿನ ಟಾಂಗಾ ಕುದುರೆಗೂ ಗೊತ್ತಿತ್ತು.
ಮುಳ್ಳು ನೆಟ್ಟಗೆ ಮಾಡುವನು, ಸರಪಳಿಯ ಕೊಂಡಿ ಬಿಗಿಯುವನು,
ಸವೆದ ಕಲ್ಲಿನ ತಳದ ಕುಳಿಗೆ
ಸೀಸ ಕಾಸಿ ಹೊಯ್ಯುವನು.
(ಕಬ್ಬಿಣದ್ದೇ ಆದರೂ ಅದಕ್ಕೆ ಕಲ್ಲೆಂದೇ ಹೆಸರು.)
ಕರಗಿದ ಸೀಸದಲ್ಲಿ ನನ್ನ ಮುಖ
ಒಂದು ಗಳಿಗೆ ಇದ್ದು, ಸುಕ್ಕಾಗಿ, ಹೋಗುತ್ತಿತ್ತು.
'ಬಾಜೂಕ್ ಸರಿ ಅವ್ವೀ, ಸಿಡೀತದ.'

ಅಡತಿ ಅಂಗಡಿಯಲ್ಲಿ ಯಾರೂ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದರು. ಲಾಭ, ಎರಡು, ಮೂರು.
ಶಾಲೆಯಲ್ಲಿ ನಾನೂ ಹಾಗೇ ಎಣಿಸಿದೆ.
ಮಗ್ಗಿ ಮಾಸ್ತರರು ಅಂಗೈಗೆ ಬಾರಿಸಿದ್ದು
ಲಾಭ, ಎರಡು, ಮೂರು, ನಾಕು.

ಖಾಸೀಂಬಿಯ ಮೆಣಸಿನಕಾಯಿ ರಾಶಿ ದಾಟಿದರೆ
ಇಡೀ ಓಣಿ ಸೀನುತ್ತಿತ್ತು, ಅವಳೊಬ್ಬಳನ್ನು ಬಿಟ್ಟು.
ತೊಗರಿ ಕನ್ನಡದಲ್ಲಿ ಬಂದು
ತೆಲುಗಿನಲ್ಲಿ ಜಗಳಾಡಿ
ದಖನಿಯಲ್ಲಿ ಮಾರಿಹೋಗುತ್ತಿತ್ತು.
ನನಗೆ ಎಲ್ಲ ಭಾಷೆಯೂ ಬರುತ್ತಿತ್ತು, ಬೈಗುಳದಷ್ಟು.

ಒಂದು ರಾತ್ರಿ, ಸಂತೆ ಎದ್ದ ಮೇಲೆ,
ಬಂಡೆಪ್ಪ ಸಾವ್ಕಾರ ಬಂದ. ಕಂದೀಲಿನ ಬತ್ತಿ ಇಳಿಯಿತು.
ಮೇಜಿನ ಮೇಲೆ ಐದು ಕಿಲೋದ ಕಲ್ಲು ಬೋರಲು ಬಿತ್ತು.
ಸರಕಾರಿ ಮುದ್ರೆಗೆ ನೋವಾಗದ ಹಾಗೆ
ಅಪ್ಪ ಪಕ್ಕದಿಂದ ಕೊರೆದ.
ಸಂದಿನಿಂದ ಸೀಸದ ಪುಡಿ ನನ್ನ ಕೂದಲಿಗೆ ಉದುರಿತು.
ನಾನು ಅಲ್ಲಿರುವುದು ಅವನಿಗೆ ಗೊತ್ತಿತ್ತು.
ಬಗ್ಗಿ ನೋಡಲಿಲ್ಲ.
ಮುಂದಿನ ವಾರ ನನಗೆ ಗುಲಾಬಿ ಹೂವಿನ ಲಂಗ ಬಂತು.
ಸುಳ್ಳು ಹೇಳಲಾರೆ, ಅದು ನನಗೆ ಬಹಳ ಇಷ್ಟವಾಗಿತ್ತು.

ಆಮೇಲೆ ತಾಂಡಾದ ಘಮಾಬಾಯಿ ಬಂದಳು,
ತಲೆ ಮೇಲೆ ಜೋಳದ ಗಂಟು, ಸೊಂಟದಲ್ಲಿ ಕೂಸು.
'ಮನ್ಯಾಗ ಅಳದರ ಕಮ್ಮಿ ಬಿತ್ತು, ಅಣ್ಣಾ. ನೀ ಒಮ್ಮಿ ತೂಗು.'
ಅಪ್ಪ ತೂಗಿದ. ಮುಳ್ಳು ಆಡಿತು, ನಿಂತಿತು.
ಅದು ಎಲ್ಲಿ ನಿಂತಿತೆಂದು ಕೆಳಗಿನಿಂದ ನನಗೆ ಕಾಣಲಿಲ್ಲ.
'ಬರಾಬರ್ ಅದ,' ಅಂದ.
ಒಳಗೆ ಹೋಗಿ ನಮ್ಮ ಹಗೇವಿನ ಜೋಳ
ಬೊಗಸೆಯಲ್ಲಿ ತಂದು ಸುರುವಿದ. 'ಇದು ಕೂಸಿಗೆ.'
ಆಕೆ ಕೈ ಮುಗಿದಳು. ಬಳೆಗಳು ಸದ್ದು ಮಾಡಿದವು.
ಅಪ್ಪ ಅಂದು ರೊಟ್ಟಿ ಒಲ್ಲೆನೆಂದ.
ಅವ್ವ ಏನೂ ಕೇಳಲಿಲ್ಲ,
ಅವನ ಪಾಲಿನ ಹಿಂಡಿಯನ್ನೂ ನನಗೇ ಹಚ್ಚಿ ಕೊಟ್ಟಳು.

ಆ ಸಂಜೆ ನಾನು ಕದ್ದದ್ದು ಐವತ್ತು ಗ್ರಾಮಿನದು,
ಹಿತ್ತಾಳೆಯದು, ತಳದಲ್ಲಿ ಕುಳಿಯಿಲ್ಲದ್ದು.
ಅಪ್ಪ ಮೂರು ದಿನ ಹುಡುಕಿ
ನಾಲ್ಕನೆಯ ದಿನ ಹೊಸದು ಕೊಂಡ.
ಗೊತ್ತಿತ್ತೋ ಏನೋ. ನಾವು ಪಾಂಚಾಳರ ಮನೆಯವರು,
ಸದ್ದಿದ್ದಲ್ಲಿ ಮಾತ್ರ ಕೆಲಸ, ಮಾತು ಕಡಿಮೆ.

ಈಗ ಆ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಾರೆ.
ಫರ್ಸಿ ಅಲ್ಲೇ ಇದೆ, ಮೂಲೆ ಒಡೆದು.
ಮೊನ್ನೆ ಹೋದಾಗ ಪಕ್ಕದ ಕಿರಾಣಿಯ ಹುಡುಗನಿಗೆ
ಹಿತ್ತಾಳೆಯದನ್ನು ಕೊಟ್ಟೆ: ಇದನ್ನಿಷ್ಟು ಇಟ್ಟು ನೋಡು.
ಕೆಂಪು ಅಂಕಿ ನಡುಗಿ ನಲವತ್ತೊಂಬತ್ತಕ್ಕೆ ನಿಂತಿತು.
ಅಷ್ಟು ವರ್ಷ ಪರ್ಸಿನಲ್ಲಿ, ಬೆರಳಲ್ಲಿ,
ಪರೀಕ್ಷೆಯ ಹಿಂದಿನ ರಾತ್ರಿ ಮುಷ್ಟಿಯಲ್ಲಿ
ಸವೆಸಿದ್ದು ನಾನೇ ಅಂದುಕೊಳ್ಳುವಷ್ಟರಲ್ಲಿ
ಹುಡುಗ ನಕ್ಕ:
'ನಮ್ಮ ಮಷಿನ್ನೇ ಒಂದ್ ಗ್ರಾಮ್ ಕಮ್ಮಿ ತೋರಸ್ತದ, ಅಕ್ಕಾ.'

ಸೀನು ಬಂತು.
ಎಲ್ಲಿಯೋ ಯಾರೋ ಮೆಣಸಿನಕಾಯಿ ಚೀಲ ಬಿಚ್ಚಿದ್ದರು.